ಯೂಕ್ಲಾದ ಗಡಿಯಾರ

ಬೆಳಗಿನ ಐದಕ್ಕೆ ಕರೆ ಬರುತ್ತದೆ.
ಬಲರಾಟ್‌ನಲ್ಲಿ ಏಪ್ರಿಲ್ ಅಂದರೆ
ನಲ್ಲಿಯ ನೀರು ಹಲ್ಲನ್ನೇ ಕಚ್ಚುವ ಕಾಲ.
ನೈಟಿಯ ಮೇಲೊಂದು ಸ್ವೆಟರ್ ಎಳೆದುಕೊಂಡು
ಲ್ಯಾಪ್‌ಟಾಪಿನ ಎದುರು ಕೂರುತ್ತೇನೆ,
ಬಿಳಿ ಕಾಲರು ಕಪಾಟು ಸೇರಿದ
ನಿವೃತ್ತ ಪಾದ್ರಿ, ಸುಗುಣಾ ಜತ್ತನ್ನ.

ಪರದೆಯಲ್ಲಿ ಲೈಲ್ ಪೆಂಗೆಲಿ.
ಐವತ್ತೆರಡು ವಯಸ್ಸು, ಎರಡು ಟ್ರೇಲರಿನ ಲಾರಿ,
ಅಡಿಲೇಡಿನಿಂದ ಪರ್ತಿಗೆ ಗೊಬ್ಬರದ ಮೂಟೆ,
ಪಕ್ಕದ ಸೀಟಿನಲ್ಲಿ ಒಂದು ಮುದಿ ನಾಯಿ.
ಸಭಾಪಾಲಕನಾಗಬೇಕಂತೆ.

ನಿಮಗೆ ಅನುಕೂಲವಾದ ಸಮಯದಲ್ಲಿ ಕಲಿಯಿರಿ
ಎಂದಿತ್ತು ಕೋರ್ಸಿನ ಕರಪತ್ರ.
ಅನುಕೂಲ ಅವನದು. ಸಮಯ ನನ್ನದು.
ಅವನು ಲಾರಿ ನಿಲ್ಲಿಸುವುದು ಯೂಕ್ಲಾದಲ್ಲಿ,
ಪರ್ತಿನ ಗಡಿಯಾರಕ್ಕೂ ಒಗ್ಗದೆ, ಅಡಿಲೇಡಿನದಕ್ಕೂ ಬಗ್ಗದೆ
ತನ್ನದೇ ಒಂದು ಮುಕ್ಕಾಲು ಗಂಟೆ ಹಿಡಿದುಕೊಂಡು
ಬಯಲಿನಲ್ಲಿ ಕೂತ ಊರು.
ನನಗೆ ಐದಾದರೆ ಅವನಿಗೆ ಮೂರೂ ಮುಕ್ಕಾಲು.

ಅಪ್ಪ ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ
ಬೆಂದ ಹೆಂಚನ್ನು ಬೆರಳಗೆಣ್ಣಿನಿಂದ ತಟ್ಟಿ
ಕಿವಿ ಹತ್ತಿರ ಒಯ್ಯುತ್ತಿದ್ದರು.
ಠಣ್ ಅಂದರೆ ಮಾಡಿಗೆ.
ದಬ್ ಅಂದರೆ ಅಂಗಳದ ಮೂಲೆಗೆ.
ಬಣ್ಣ ನೋಡಿ ಮೋಸ ಹೋಗಬೇಡ ಮಗಾ, ಅನ್ನುತ್ತಿದ್ದರು.

ಲೈಲನ ಪ್ರಸಂಗಗಳನ್ನು ನಾನೂ ತಟ್ಟಿ ನೋಡುತ್ತೇನೆ.
ಬಹಳ ಸಲ ದಬ್.
ಎಲ್ಲಿಂದಲೋ ಕಡ ತಂದ ಕಣ್ಣೀರು,
ಯಾರದೋ ಅಜ್ಜಿ, ಯಾವುದೋ ಸೂರ್ಯೋದಯ.
'ಈ ಸಾಲು ಯಾರದು ಲೈಲ್?'
ಗಡ್ಡ ಕೆರೆದುಕೊಳ್ಳುತ್ತಾನೆ. ಸಿಗ್ನಲ್ ಹೋಗುತ್ತದೆ.
ಅರ್ಧ ತೆರೆದ ಬಾಯಿ ಹಾಗೇ ನಿಂತುಬಿಡುತ್ತದೆ,
ಆಗ ಮಾತ್ರ ಥೇಟು ಪ್ರವಾದಿ.

ಇವತ್ತು ಒಪ್ಪಿಸಬೇಕಿತ್ತು
ಶೋಕದ ಬಗ್ಗೆ ಎರಡು ಸಾವಿರ ಪದ.
'ಬರೆಯಲಿಲ್ಲ' ಅಂದ.

ಟೈರು ಸಿಡಿದು ಕ್ಯಾರವಾನೊಂದು ಮಗುಚಿತ್ತಂತೆ.
ಕೆಂಪು ಮಣ್ಣಿನ ಮೇಲೆ ಒಬ್ಬ ಮುದುಕ, ಪಕ್ಕದಲ್ಲಿ ಹೆಂಡತಿ.
ಡಾಕ್ಟರ ವಿಮಾನ ಬರುವ ತನಕ ಇವನೊಬ್ಬನೇ.

'ಪ್ರಾರ್ಥಿಸಿದೆಯಾ?'
'ಬಾಯಿಗೆ ಏನೂ ಬರಲಿಲ್ಲ.
ಮೂಟೆಯ ಮೇಲಿನ ಟಾರ್ಪಾಲು ಬಿಚ್ಚಿ
ನೆರಳು ಹಿಡಿದೆ. ಸೂರ್ಯ ಜರುಗಿದ ಹಾಗೆ ನಾನೂ ಜರುಗಿದೆ.
ಆಕೆ ಅವನಿಗೆ ಹೇಳುತ್ತಲೇ ಇದ್ದಳು
ಹಿತ್ತಲ ಬಾಗಿಲ ಬೀಗ ಹಾಕಿದ್ದೇನೆ,
ಟೊಮೆಟೊಗೆ ಪಕ್ಕದ ಮನೆಯವರು ನೀರು ಹಾಕುತ್ತಾರೆ ಅಂತ.
ವಿಮಾನ ಇಳಿದಾಗ ಕೇಳಲು ಅವನಿರಲಿಲ್ಲ.'
ಸ್ವಲ್ಪ ಹೊತ್ತು ಬಿಟ್ಟು,
'ಇದು ಲೆಕ್ಕಕ್ಕೆ ಬರುತ್ತದೆಯೆ?'

ನನಗೆ ಇಪ್ಪತ್ತಾರು. ಆಸ್ಪತ್ರೆಯ ಕೊನೆಯ ಮಂಚ.
ಸಾಯುತ್ತಿದ್ದವರೆದುರು ನಿಂತು, ಉಸಿರು ತೆಗೆಯದೆ,
ಹನ್ನೆರಡು ವಚನ ಬಾಯಿಪಾಠ ಒಪ್ಪಿಸಿದ್ದೆ.
ಅವರು ಗೋಡೆಯ ಕಡೆ ತಿರುಗಿ
'ಫ್ಯಾನು ಸ್ವಲ್ಪ ಜೋರು ಮಾಡು ಮಗಳೇ' ಅಂದಿದ್ದರು.
ಅದೇ ಅವರ ಕೊನೆಯ ಮಾತು.

ಯಾರಿಗೂ ಹೇಳಿರಲಿಲ್ಲ. ಲೈಲನಿಗೆ ಹೇಳಿದೆ.
ಮೊದಲು ನಕ್ಕ. ಆಮೇಲೆ ನಗಲಿಲ್ಲ.
ನಾಯಿ ಎದ್ದು ಕ್ಯಾಮೆರಾ ಮೂಸಿತು.

ನಾನು ತುಂಬಬೇಕಾದ ನಮೂನೆಯಲ್ಲಿ
ಕಲಿಕೆಯ ಫಲ ಎಂದೊಂದು ಚೌಕ, ಖಾಲಿ ಬಿಟ್ಟೆ.
ಕೆಳಗೆ ಇನ್ನೊಂದು: ಸೇವೆ ಮಾಡಿದ ಗಂಟೆಗಳು.

'ಎಷ್ಟು ಹೊತ್ತು ಹಿಡಿದಿದ್ದೆ?'
'ಹನ್ನೊಂದೂವರೆಯಿಂದ ನಾಲ್ಕೂಕಾಲು.
ಯಾವ ಗಡಿಯಾರವೋ, ನೋಡಲಿಲ್ಲ.'

ನಾಲ್ಕೂ ಮುಕ್ಕಾಲು ಎಂದು ಒತ್ತಿದೆ.
ಚೌಕ ಕೆಂಪಾಯಿತು. ಪೂರ್ಣಾಂಕ ಮಾತ್ರ ಬೇಕಂತೆ.
ಐದು ಎಂದು ಹಾಕಿದೆ.
ಹೆಚ್ಚು ಬಿದ್ದ ಕಾಲು ಗಂಟೆಯನ್ನು
ಬೇಕಾದರೆ ಕರ್ತನು
ನನ್ನ ಲೆಕ್ಕದಲ್ಲಿ ಮುರಿದುಕೊಳ್ಳಲಿ.